ಹಸಿ ಬಿದಿರಿನ ಗಾಳದ ಕೋಲು

೮ ಜೂನ್ ೧೯೫೮, ಭಾನುವಾರ. ನಂದಿದುರ್ಗ ಚಿನ್ನದ ಗಣಿ.

ಮಾನ್ಯ ಮತ್ಸ್ಯಪ್ರಿಯ ಮಹಾಜನರೇ, ಅಂಗಡಿಯ ಗಾಳದ ಕೋಲು ಹಿಡಿಯುವ ಅಲ್ಪರನ್ನು ಕಂಡು ಅಸಹ್ಯಪಟ್ಟು ಈ ಪದವೀಧರ ಸ್ವಹಸ್ತದಿಂದ ಕೋಲು ಕಟ್ಟಿದ. ಬುಧವಾರ ಬಿದಿರು ಕಡಿದೆ, ಗುರುವಾರ ತಂತಿಯುಂಗುರ ಬಿಗಿದೆ, ಶುಕ್ರವಾರ ವಾರ್ನಿಷು ಬಳಿದೆ. ಗಣಿಯ ಬಡಗಿ ಮುನಿಶಾಮಿಯ ಮುಂದೆ ನನ್ನ ಮಾನ ಉಳಿಸಬೇಕಿದ್ದ ಕೋಲು. ಇವತ್ತು ಬೂದಿಕೋಟೆ ಕೆರೆಯಲ್ಲಿ ಅಂಗೈಯಗಲದ ಮೀನೊಂದು ಎಳೆದದ್ದೇ ತಡ, ಬಗ್ಗಿತು. ಮತ್ತೆ ನೆಟ್ಟಗಾಗಲೇ ಇಲ್ಲ.

ಮುನಿಶಾಮಿ ಹಲ್ಲು ಕಿರಿದ. "ಏನ್ ಸಾಮೀ, ನಿಮ್ ಕೋಲು ಮೀನಿಗೇ ಅಡ್ಡಬೀಳ್ತಾ ಐತೆ!"

ಹೆಬ್ಬೆಟ್ಟಿನ ಆಸಾಮಿ, ಅವನಿಗೇನು ಗೊತ್ತು ಎಂದು ಬರೆಯಲು ಕುಳಿತೆ. ಬರೆಯಲಾಗುತ್ತಿಲ್ಲ. "ಇದು ಅಸೀದು ಸಾಮೀ, ಮೂರು ತಿಂಗ್ಳು ನೆಳ್ಳಾಗೆ ಒಣಗಾಕಿ" ಎಂದು ಅವನು ಬುಧವಾರವೇ ಹೇಳಿದ್ದ. ಬಡಗಿಯಿಂದ ಕಲಿಯಲು ನನಗೆ ನಾಚಿಕೆಯಾಯಿತು, ಅಷ್ಟೇ.