ಮಳೆಗೆ ಬಿಟ್ಟ ತಾಯಿ

ಕೆಂಗಲ್ಲ ಕೇರಿ,
ಎರಡನೇ ಮುಂಗಾರಿನ ನಲವತ್ತೊಂದನೇ ತಾರೀಖು,
ಬಿಸಿಲು ಗಡಿ ದಾಟಿದ ನೂರಾ ಹದಿನೆಂಟನೇ ವರ್ಷ.

ನನ್ನಜ್ಜಿಯ ಅಜ್ಜಿಯ ಅಜ್ಜಿಯಾದ ಹುಲಿಗೆವ್ವನಿಗೆ ಗಾಳೆವ್ವ ಬರೆಯುವುದು.

ತಾರೀಖು ನೋಡಿ ಬೆಚ್ಚಬೇಡ. ನಿಮ್ಮ ಕಾಲದಲ್ಲಿ ತಿಂಗಳು ಮೂವತ್ತೋ ಮೂವತ್ತೊಂದೋ ದಿನಕ್ಕೆ ಮುಗಿದುಹೋಗುತ್ತಿತ್ತಂತೆ. ನಮ್ಮಲ್ಲಿ ಮಳೆ ಬೀಳುವ ತನಕ ತಿಂಗಳು ಮುಗಿಯುವುದಿಲ್ಲ. ಕಾಯುವುದೇ ನಮ್ಮ ಪಂಚಾಂಗ. ಈ ಕಾಗದದ ಕೆಲವು ಮಾತು ನಿನಗೆ ಅಡ್ಡಾದಿಡ್ಡಿ ಅನ್ನಿಸಬಹುದು, ಕ್ಷಮಿಸು. ಇದನ್ನು ಜಾಜು ಅಗೆಯುವ ಗುಂಡಿಯಲ್ಲಿ ಹೂಳುತ್ತೇನೆ. ನೀನೂ ಅದೇ ಗುಂಡಿಯ ಕೆಂಪು ಮಣ್ಣು ತೆಗೆದವಳು. ಮಣ್ಣಿಗೆ ಹಿಂದೆ ಮುಂದೆ ಅಂತಿಲ್ಲ, ಕೊಟ್ಟಿದ್ದನ್ನು ಯಾರ ಕೈಗೆ ಬೇಕಾದರೂ ಕೊಡುತ್ತದೆ.

ನಾವು ಈಗಲೂ ಅದೇ ಬಂಡೆಗಾಡಿನಲ್ಲಿದ್ದೇವೆ. ಒಕ್ಕಲೆಬ್ಬಿಸಲು ಬಂದವರು ಹೋದರು, ನಾವು ಉಳಿದೆವು. ಬೆಳಗಿನ ಗಂಜಿಯ ಹೊತ್ತಿಗೆ ಬಿಸಿಲಗಡಿಯ ಕಹಳೆ ಕೂಗುತ್ತದೆ. ಆಮೇಲೆ ಸಂಜೆಯವರೆಗೆ ಯಾರೂ ಬಯಲಿಗೆ ಕಾಲಿಡುವಂತಿಲ್ಲ, ಇಟ್ಟರೆ ಚರ್ಮ ಬೊಬ್ಬೆ ಏಳುತ್ತದೆ. ಹಗಲೆಲ್ಲ ಬಂಡೆಗಳ ಸಂದಿಯಲ್ಲಿ ಕಟ್ಟಿಕೊಂಡ ತಂಪುಮನೆಗಳಲ್ಲಿ ಮಲಗುತ್ತೇವೆ, ನೂಲುತ್ತೇವೆ, ಜಗಳ ಆಡುತ್ತೇವೆ. ಹೊತ್ತು ಇಳಿದ ಮೇಲೆ ನವಣೆ ಹೊಲಕ್ಕೆ ಹೋಗುತ್ತೇವೆ. ಕರಡಿಗಳೂ ಅದೇ ಹೊತ್ತಿಗೆ ಹೊರಬೀಳುತ್ತವೆ. ಅವು ನಮಗೆ ದಾರಿ ಬಿಡುತ್ತವೆ, ನಾವು ಅವಕ್ಕೆ ಬಿಡುತ್ತೇವೆ. ಮನುಷ್ಯರಲ್ಲಿ ಕೆಲವರು ಇನ್ನೂ ಇಷ್ಟು ಕಲಿತಿಲ್ಲ. ಜಾತಿ ಹೋಯಿತೇನೇ ಮಗಳೇ ಎಂದು ನೀನು ಕೇಳುತ್ತೀ, ಗೊತ್ತು. ಹೆಸರು ಹೋಗಿದೆ. ಚಾಳಿ ಇದೆ.

ಆದರೆ ಒಂದು ಮಾತು ಕೇಳಿ ನೀನು ಎದೆ ಉಬ್ಬಿಸಬೇಕು. ಈ ಸೀಮೆಯ ಮಕ್ಕಳು ಈಗ ಇತಿಹಾಸವನ್ನು ರಾಜರಿಂದ ಶುರುಮಾಡುವುದಿಲ್ಲ, ನಿನ್ನಿಂದ ಶುರುಮಾಡುತ್ತಾರೆ. ಆಡು ಕಾಯಲು ಹೋದ ಮಾದಿಗರ ಹುಡುಗಿಯೊಬ್ಬಳು ಗವಿಯ ಗೋಡೆಯಲ್ಲಿ ಸಾವಿರಾರು ವರ್ಷದ ಹಿಂದಿನವರು ಕೆಂಪಿನಲ್ಲಿ ಬರೆದ ಗೂಳಿಯನ್ನು ಕಂಡಳು. ಆ ಗೂಳಿಯ ಕೋಡನ್ನು ತಂದು, ಬಂಡೆಯ ಮೇಲೆ ಬರೆಯುವ ನಮ್ಮ ದೇವಿ ಜಾಜವ್ವನ ತಲೆಗೆ ಇಟ್ಟಳು. ತಾಯಿಯ ಒಂದು ಕೈಗೆ ಬಾರಿಸುವ ಹಲಗೆ ಕೊಟ್ಟಳು, ಇನ್ನೊಂದಕ್ಕೆ ಕಸಬರಿಗೆ ಕೊಟ್ಟಳು. ಕಾಲ ಬಳಿ ಮರಿ ಹೊತ್ತ ಕರಡಿಯನ್ನು ನಿಲ್ಲಿಸಿದಳು. ಊರ ದೊಡ್ಡವರು 'ದೇವಿ ಕೈಯಾಗ ಕಸಬರಿಗೀನಾ?' ಎಂದು ನಕ್ಕಾಗ ನೀನು 'ನಿಮ್ಮ ಹೊಲಸು ಬಳಿದವಳು ಮತ್ತೇನು ಹಿಡೀತಾಳ, ವೀಣಾ?' ಅಂದೆಯಂತೆ. ಆ ಮಾತನ್ನು ನಮ್ಮ ಕೂಸುಗಳು ತೊದಲುತ್ತಲೇ ಬಾಯಿಪಾಠ ಮಾಡುತ್ತವೆ.

ಜಾಜವ್ವನಿಗೆ ಗುಡಿ ಇಲ್ಲ, ಶಿಲೆ ಇಲ್ಲ. ಗುಡಿಯೊಳಗೆ ಬಿಡದವರ ದೇವರಿಗೆ ಗುಡಿ ಯಾಕೆ ಬೇಕು? ಪ್ರತಿ ವರ್ಷ ಮುಂಗಾರಿನ ಮುಂಚೆ ಕೇರಿಯ ಹೆಂಗಸರು ಜಾಜು, ಸುಣ್ಣ, ದೀಪದ ಕಾಡಿಗೆ ತಂದು, ಈಚಲ ಕಡ್ಡಿ ಜಜ್ಜಿ ಕುಂಚ ಮಾಡಿಕೊಂಡು, ದೊಡ್ಡ ಬಂಡೆಯ ಮೇಲೆ ಅವಳನ್ನು ಬರೆಯುವುದು ನಿಮ್ಮ ಕಾಲದ ಪದ್ಧತಿ. ಬಣ್ಣಕ್ಕೆ ಜಾಲಿಯ ಅಂಟು ಬೆರೆಸಬಾರದು, ಬರೀ ನೀರು. ಮೊದಲ ಮಳೆ ಬಂದು ಅವಳನ್ನು ತೊಳೆದು ಹೊಲಕ್ಕೆ ಒಯ್ಯಬೇಕು. ತಾಯಿ ಹೊಲಕ್ಕೆ ಇಳಿದ ಮೇಲೇ ಬಿತ್ತನೆ. ಇದು ನಿನಗೆ ಗೊತ್ತಿರುವುದೇ. ನಿನಗೆ ಗೊತ್ತಿಲ್ಲದ್ದು ಮುಂದಿನದು.

ನೀನು ತೀರಿಕೊಂಡ ವರ್ಷ, ಯಾವ ವರ್ಷ ಅಂತ ನಾನು ಹೇಳಲಾರೆ, ನಿನ್ನ ಕೊನೆಯ ಚಿತ್ರ ಇನ್ನೂ ಹಸಿಯಿತ್ತು. ಮೋಡ ಕಟ್ಟಿತು. ಇಡೀ ಕೇರಿ ಗೋಳಾಡಿತು, ಅಜ್ಜಿಯ ಕೈಬರಹ ಕೊಚ್ಚಿಹೋಗುತ್ತದಲ್ಲ ಎಂದು. ಗಂಡಸರು ಓಡಿಹೋಗಿ ತಮ್ಮ ಮನೆಯ ತಗಡುಗಳನ್ನೇ ಕಿತ್ತು ತಂದು ಬಂಡೆಗೆ ಹೊದಿಸಿದರು. ಅವರು ಆ ಮಳೆಗಾಲವೆಲ್ಲ ಸೋರುವ ಮನೆಯಲ್ಲಿ ಮಲಗಿದರು. ಯಾವ ಶತ್ರುವೂ ಮಾಡಲಾರದ ಕೆಲಸವನ್ನು ಪ್ರೀತಿ ಮಾಡಿತು. ಮುಂದಿನ ವರ್ಷ ಚಿತ್ರ ಅಲ್ಲೇ ಇತ್ತು. ಇದ್ದದ್ದರ ಮೇಲೆ ಬರೆಯುವ ಧೈರ್ಯ ಯಾರಿಗಿದೆ? ಕೈ ಮುಗಿದು ಹೋದರು. ಅದರ ಮುಂದಿನ ವರ್ಷವೂ ಅಷ್ಟೆ. ತಗಡು ಹೋಗಿ ಕಲ್ಲುಕಂಬದ ಮಂಟಪ ಬಂತು, ಮಂಟಪಕ್ಕೆ ಹೊಸ ಮಾಡು ಬಂತು. ಕೇರಿಯಲ್ಲಿ ಬರೆಯುವ ಕೈ ಒಂದೊಂದಾಗಿ ಒಣಗಿತು. ನಾನು ಕಲಿತದ್ದು ಕದ್ದು, ಗವಿಯ ಗೂಳಿಗಳನ್ನು ನೋಡಿಕೊಂಡು, ನಿನ್ನ ಹಾಗೆ.

ಈ ವರ್ಷ ನೆನಪುಗಾರರು ಬಂದರು. ಹಳೆಯದನ್ನೆಲ್ಲ ಕಾಪಾಡುವ ಸರಕಾರದ ಮಂದಿ, ಒಳ್ಳೆಯ ಮಾತಿನವರು. ಅವರ ಬಳಿ ಗಾಜುನೀರು ಅನ್ನುವುದಿದೆ, ಬಳಿದರೆ ಕಲ್ಲು ಕರಗಿದರೂ ಬಣ್ಣ ಕರಗದು. ಮುಂಗಾರು ಕಳೆದ ಮೇಲೆ ಬಂದು ನಿನ್ನ ಚಿತ್ರಕ್ಕೆ ಬಳಿಯುತ್ತಾರಂತೆ. ಬಳಿದ ಮೇಲೆ ಆ ಬಂಡೆಯನ್ನು ಯಾರೂ ಮುಟ್ಟುವಂತಿಲ್ಲ, ನಾವೂ ಸಹ. ಕೇಳಿಸಿತೇನೇ ಅಜ್ಜಿ? ಅಂದು ನಮ್ಮನ್ನು ಗೋಡೆಯಿಂದ ದೂರ ಇಟ್ಟರು. ಇಂದು ಗೋಡೆಯನ್ನೇ ನಮ್ಮಿಂದ ದೂರ ಇಡುತ್ತಾರೆ. ಅಂದು ಮೈಲಿಗೆ ಎಂದರು, ಇಂದು ಪರಂಪರೆ ಎನ್ನುತ್ತಾರೆ. ಮುಟ್ಟಬೇಡ ಅನ್ನುವುದು ಮಾತ್ರ ಅದೇ.

ಮಂಟಪದಲ್ಲಿ ಸೇರಿದ ಕೇರಿಯ ಕೂಟದಲ್ಲಿ ನಾನು ಎದ್ದು ಹೇಳಿದೆ, ಮಾಡು ಕಿತ್ತು ಹಾಕೋಣ, ಈ ಸಲದ ಮಳೆಗೆ ತಾಯಿಯನ್ನು ಬಿಡೋಣ ಎಂದು. ನನಗೆ ಹೊಡೆಯುವುದೊಂದು ಬಾಕಿ. ಎಲ್ಲರಿಗಿಂತ ಜೋರು ನನ್ನ ಸೋದರತ್ತೆ ಫಕೀರವ್ವ. ಬುದ್ಧಿ ಬಂದಾಗಿನಿಂದ ಮಂಟಪ ಗುಡಿಸಿದವಳು, ನಿನ್ನ ಚಿತ್ರದ ಮೇಲೆ ಹಲ್ಲಿ ಹರಿದರೂ ನಿದ್ದೆ ಮಾಡದವಳು.

'ನಿಮ್ಮಜ್ಜಿ ಮಾರಿ ತೊಳಿಯಾಕ ನೀ ಯಾರಬೇ? ನಾಕು ಗೆರಿ ಎಳಿಯಾಕ ಬಂತಂದ್ರ ಹುಲಿಗೆವ್ವ ಆಗಿಬಿಟ್ಟಿ?'

'ಆಗಾಕ ಬ್ಯಾಡೇನತ್ತಿ? ಒಬ್ಬಾಕಿನ ಸಾಕೇನ ಕೇರಿಗೆ?'

'ಬಾಯಿ ನೋಡ ಇದರದು, ಜಾಜಿನ ಗುಂಡಿಗಿಂತ ದೊಡ್ಡದೈತಿ!'

ಕೂಟ ನಕ್ಕಿತು. ನಾನು ಜಾಜಿನ ಬಟ್ಟಲು, ಕುಂಚ ತಂದು ಅತ್ತೆಯ ಮುಂದಿಟ್ಟೆ. ಮಂಟಪದ ನೆಲದ ಮೇಲೆ ಒಂದೇ ಒಂದು ಕೋಡು ಬರಿ, ದಿನಾ ನೋಡುವ ಕೋಡು, ನೀನು ಬರೆದರೆ ನಾನು ಬಾಯಿ ಮುಚ್ಚುತ್ತೇನೆ ಎಂದೆ. 'ಅದೇನ ಮಹಾ' ಎಂದು ಸೆರಗು ಸಿಕ್ಕಿಸಿ ಕೂತಳು. ಕುಂಚ ಅದ್ದಿದಳು. ಕೈ ನೆಲದವರೆಗೆ ಹೋಗಲಿಲ್ಲ. ಜೀವಮಾನವಿಡೀ ಎದುರಿಗಿದ್ದ ಕೋಡು ಕಣ್ಣಲ್ಲಿತ್ತು, ಬೆರಳಲ್ಲಿರಲಿಲ್ಲ. ಬಣ್ಣ ತೊಟ್ಟಿಕ್ಕಿ ಅವಳ ಸೀರೆಯ ಮೇಲೆ ಬಿತ್ತು. ಅತ್ತೆ ನಿನ್ನ ಚಿತ್ರದ ಕಡೆ ನೋಡಿ ಬಾಯಿಗೆ ಬಂದಂತೆ ಬೈದಳು. ನಿನ್ನನ್ನೇ ಬೈದಳು, ಹುಲಿಗೆವ್ವ. 'ಬರದು ಹೋಗ್ಬಿಟ್ಟಿ, ನಮಗ ಕಲಿಸೂದು ಬಿಟ್ಟು!' ಆಮೇಲೆ ಮೂಗು ಸೀಟಿ ಎದ್ದು ನಿಂತು ಹೇಳಿದಳು: 'ಏನ ನೋಡಾಕ ಹತ್ತೀರಿ? ಏಣಿ ತರ್ರಿ.'

ಮಾಡು ಇಳಿಸಿದೆವು. ಸುದ್ದಿ ತಿಳಿದು ಓಡಿಬಂದ ನೆನಪುಗಾರರು ಕಾನೂನು ಓದಿದರು, ನಾವು ಹಲಗೆ ಬಾರಿಸಿದೆವು. ಇವತ್ತು ಸಂಜೆ ಮಳೆ ಬಂತು.

ಸುಳ್ಳು ಹೇಳಲಾರೆ, ಅತ್ತೆ. ಮೊದಲ ಹನಿ ನಿನ್ನ ಕರಡಿಯ ಬೆನ್ನಿನ ಮೇಲೆ ಬಿದ್ದಾಗ ತಡೆಯಲು ಅಂಗೈ ಅಡ್ಡ ಹಿಡಿದುಬಿಟ್ಟೆ.

ನೋಡು, ಹುಲಿಗೆವ್ವಜ್ಜಿ, ನಿನಗೆ ಬರೆಯುತ್ತ ಅತ್ತೆ ಎಂದುಬಿಟ್ಟೆ, ಅವಳು ಪಕ್ಕದಲ್ಲೇ ಕೂತು ಇದನ್ನು ಓದಿಸಿಕೊಳ್ಳುತ್ತಿದ್ದಾಳೆ. ಮಳೆಯಲ್ಲಿ ಅವಳು ಬಂಡೆಗೆ ಕೆನ್ನೆ ಹಚ್ಚಿ ನಿಂತಿದ್ದಳು, ಮುಖವೆಲ್ಲ ಕೆಂಪು. ಹಲಗೆ ಕರಗಿತು, ಕಸಬರಿಗೆ ಕರಗಿತು, ಕೋಡು ಎಲ್ಲಕ್ಕಿಂತ ಕೊನೆಗೆ ಹೋಯಿತು. ಕೆಂಪು ನೀರು ನಮ್ಮ ಪಾದ ಹಾಯ್ದು ನವಣೆ ಹೊಲಕ್ಕೆ ಇಳಿಯಿತು. ಕೇರಿಗೆ ಕೇರಿಯೇ ಅದರ ಹಿಂದೆ ನಡೆಯಿತು. ನಿನ್ನಂಥವಳ ಕೈಬರಹವನ್ನು ಅಳಿಸುವ ಗಟ್ಟಿತನ ನಿನ್ನ ರಕ್ತಕ್ಕಲ್ಲದೆ ಇನ್ಯಾರಿಗಿದೆ? ಈಗ ಬಂಡೆ ಬರಿದಾಗಿದೆ. ಗಾಜುನೀರು ಬಳಿಯಲು ಅಲ್ಲಿ ಏನೂ ಇಲ್ಲ. ಬರುವ ಮುಂಗಾರಿಗೆ ಅಲ್ಲಿ ತಾಯಿ ಏಳುತ್ತಾಳೆ. ನಿನ್ನವಳಷ್ಟು ಚೆಂದ ಇರಲಿಕ್ಕಿಲ್ಲ. ಅತ್ತೆ ಬರೆವ ಕೋಡಂತೂ ಖಂಡಿತ ಸೊಟ್ಟ ಇರುತ್ತದೆ, ಬರೆಯುವವಳು ಅವಳೇ ಎಂದು ಹಟ ಹಿಡಿದಿದ್ದಾಳೆ.

ಈ ಕಾಗದ ಕೈಗೆ ಸಿಗುವಾಗ ನೀನು ಇನ್ನೂ ಬದುಕಿದ್ದೀ, ಅದಕ್ಕೇ ಕೇಳುತ್ತೇನೆ. ನೀನು ಬರೆಯುವಾಗ ಹಿಂದೆ ನಿಂತು ಎಷ್ಟು ಚೆಂದ, ಎಷ್ಟು ಚೆಂದ ಎನ್ನುವ ಹೆಂಗಸರಿದ್ದಾರಲ್ಲ, ಅವರಿಗೆ ಕೈ ಮುಗಿಯಲು ಬಿಡಬೇಡ. ಕುಂಚ ಕೊಡು. ಒಲ್ಲೆ ಎಂದರೆ ಬೈದು ಕೊಡು.

ನಿನ್ನನ್ನು ಅಳಿಸಿದ ನಿನ್ನ ಮಗಳು,
ಗಾಳೆವ್ವ