ಮಾತ್ರೆ ನುಂಗದ ಗುರುವಾರ

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 6.20

ಆರು ಗಂಟೆಯ ಮಾತ್ರೆ ಆಯಿತು. ಬಚ್ಚಲ ಬಾಗಿಲಲ್ಲಿ ಮತ್ತೆ ಕಾಲು ಅಂಟಿಕೊಂಡಿತು. ನೆಲಕ್ಕೆ ಮೊಳೆ ಹೊಡೆದ ಹಾಗೆ. ಬೈದೆ. ಕಾಲಿಗೆ ಕಿವಿ ಇದ್ದರೆ ತಾನೇ! ಶಿವಲಿಂಗಮ್ಮ ಒಲೆ ಮುಂದಿನಿಂದಲೇ, "ಯಾರ್ಗ್ ಬೈತಾ ಇದ್ದೀರಿ? ರಿಟೈರಾಗಿ ಒಂಬತ್ ವರ್ಸ ಆಯ್ತು" ಅಂದಳು. ಹೆಂಡತಿಗೆ ಸಲುಗೆ ಜಾಸ್ತಿಯಾಗಿದೆ.

ಪಾರ್ಕಿನ್‌ಸನ್ಸ್ ಅಂತ ಗೊತ್ತಾಗಿ ನಾಲ್ಕು ವರ್ಷ. ಗುರುವಾರ ರಾಮನಗರದ ಆಸ್ಪತ್ರೆಗೆ ಹೋಗಬೇಕು. ಅದೇನೋ ನಡಿಗೆಯ ಸ್ಟಡಿಯಂತೆ.

ಮಾರ್ಚ್ 6, ಗುರುವಾರ

ಸ್ಟಡಿ ಮಾಡುತ್ತಿರುವವಳು ನನ್ನ ಶಿಷ್ಯೆ! ಧನುಶ್ರೀ. ಕುದೂರು ಶಾಲೆ, ಏಳನೇ ಕ್ಲಾಸು. ಗಣಿತದ ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡು ಸಿಕ್ಕಿಬಿದ್ದಿದ್ದಳು. ಬೆಲ್ ಹೊಡೆಯುವ ತನಕ ಹೊರಗೆ ನಿಲ್ಲಿಸಿದ್ದೆ. ಈಗ ಫಿಸಿಯೋಥೆರಪಿಸ್ಟ್. ಪಿಎಚ್‌ಡಿ ಬೇರೆ. ಗುರುತು ಹಿಡಿದು ಕಾಲಿಗೆ ನಮಸ್ಕಾರ ಮಾಡಿದಳು. ಮುಖ ಎಲ್ಲಿಟ್ಟುಕೊಳ್ಳಲಿ...

ತಲೆಗೊಂದು ಕ್ಯಾಪು. ಒಳಗೆಲ್ಲ ಸಣ್ಣ ಸಣ್ಣ ಲೈಟು. ನಡೆಯುವಾಗ ಮಿದುಳಿನ ಯಾವ ಭಾಗಕ್ಕೆ ಎಷ್ಟು ರಕ್ತ ಹರಿಯುತ್ತದೆ ಅಂತ ಅದರಿಂದ ಕಂಪ್ಯೂಟರಿಗೆ ತಿಳಿಯುತ್ತದಂತೆ. ಕಾರಿಡಾರಿನಲ್ಲಿ ಹತ್ತು ಮೀಟರ್ ನಡೆದು, ಎರಡು ಕಂಬದ ಸಂದಿಯಲ್ಲಿ ತೂರಿ, ವಾಪಸ್ ಬರಬೇಕು. ಬಾಯಲ್ಲಿ ನೂರರಿಂದ ಮೂರು ಮೂರು ಕಳೆಯುತ್ತಾ. ಲೆಕ್ಕದ ಚಿಂತೆ ನನಗಿಲ್ಲ. ಆದರೆ ಮುಂದಿನ ಗುರುವಾರ ಬೆಳಗಿನ ಮಾತ್ರೆ ನುಂಗದೆ ಬರಬೇಕು. ಡಾಕ್ಟರೂ ಒಪ್ಪಿದ್ದಾರೆ. ಒಮ್ಮೆ ನಡೆಸಿ, ಅಲ್ಲೇ ಮಾತ್ರೆ ಕೊಟ್ಟು, ಮತ್ತೊಮ್ಮೆ ನಡೆಸುತ್ತಾರಂತೆ.

"ಪರೀಕ್ಷೆ ಸುಲಭ ಸರ್" ಅಂದಳು. ಪರೀಕ್ಷೆ! ಬೇರೆಯವರಿಗೆ ಇಟ್ಟೇ ಅಭ್ಯಾಸ ನನಗೆ.

ಬೆಂಚಿನಲ್ಲಿ ಬಾಲರಾಜು ಅಂತ ಒಬ್ಬ ಸಿಕ್ಕ. ಹೊಂಗನೂರಿನವನು, ರೇಷ್ಮೆ ಬೆಳೆಯುತ್ತಾನೆ. ನನ್ನದೇ ಕಾಯಿಲೆ. ಫೋನ್ ನಂಬರ್ ಕೊಟ್ಟ.

ಮಾರ್ಚ್ 12. ಸಂಜೆ

ಬಾಲರಾಜು ಫೋನ್ ಮಾಡಿದ್ದ. "ಫೇಲಾದ್ರೆ ಹೆಸ್ರು ಹೊಡ್ದಾಕ್ಬುಡ್ತಾರೆ ಮೇಷ್ಟ್ರೇ. ಒಂದ್ ಮಾತ್ರೆ ಹಾಕ್ಕೊಂಡೇ ಹೋಗಿ. ಯಾರ್ಗ್ ಗೊತ್ತಾಯ್ತದೆ?"

ಚೆನ್ನಾಗಿ ಬೈದು ಇಟ್ಟೆ. ಮೂವತ್ತಮೂರು ವರ್ಷ ಕಾಪಿ ಹಿಡಿದವನಿಗೆ ಹೇಳುವ ಮಾತೇ ಇದು!

ಹೆಸರು ಹೊಡೆದರೆ ಹೊಡೆಯಲಿ. ಆ ಹುಡುಗಿಯ ಎದುರು ಕಾಲು ನಿಂತುಬಿಟ್ಟರೆ? ಅದೊಂದೇ ಭಯ.

ಮಾರ್ಚ್ 13, ಗುರುವಾರ. ಸಂಜೆ

ಮಾಗಡಿ ಬಸ್‌ಸ್ಟ್ಯಾಂಡಿನಲ್ಲಿ ಶಿವಲಿಂಗಮ್ಮ ಹೂ ಕೊಳ್ಳಲು ಹೋದಳು. ನುಂಗಿಬಿಟ್ಟೆ.

ಸಲೀಸಾಗಿ ನಡೆದೆ. ಸಂದಿಯಲ್ಲೂ ತೂರಿದೆ. ಲೆಕ್ಕ ಒಂದೂ ತಪ್ಪಲಿಲ್ಲ. ಧನುಶ್ರೀ "ಸೂಪರ್ ಸರ್" ಅಂದಳು. ಆಮೇಲೆ ಕಂಪ್ಯೂಟರ್ ನೋಡಿ ಹುಬ್ಬು ಗಂಟಿಕ್ಕಿದಳು. ನಾನು ಆ ಕಡೆ ನೋಡಲಿಲ್ಲ.

ಮಾರ್ಚ್ 14

ಶಿವಲಿಂಗಮ್ಮ ಮಾತ್ರೆಯ ಶೀಟು ಹಿಡಿದುಕೊಂಡು ಬಂದಳು. "ಒಂದ್ ಕಮ್ಮಿ ಐತೆ. ಕಾಪಿ ಹೊಡುದ್ರಾ?"

ನಕ್ಕಳು. ಆಮೇಲೆ ನಗಲಿಲ್ಲ. "ಆ ಮಗೀನ ಹೊರಗ್ ನಿಲ್ಸುದ್ರಿ. ನಿಮ್ನ ಯಾರ್ ನಿಲ್ಸದು?"

ಅನ್ನ ಸೇರಲಿಲ್ಲ.

ಮಾರ್ಚ್ 19, ಬುಧವಾರ

ಐದು ದಿನ ಬರೆದಿಲ್ಲ. ಏನಂತ ಬರೆಯಲಿ?

ಇವತ್ತು ಧೈರ್ಯ ಮಾಡಿ ಧನುಶ್ರೀಗೆ ಫೋನ್ ಮಾಡಿದೆ. ಹೇಳಿದೆ. "ಅಯ್ಯೋ ಸರ್, ಎರಡು ಸಲಾನೂ ಒಂದೇ ಥರ ಬಂತಲ್ಲ, ಆರು ದಿನದಿಂದ ಮಷೀನೇ ಕೆಟ್ಟಿದೆ ಅಂದ್ಕೊಂಡು ಬಿಚ್ಚಿ ಬಿಚ್ಚಿ ನೋಡ್ತಿದ್ದೀನಿ!" ನಾಚಿಕೆಯಿಂದ ಸತ್ತುಹೋದೆ.

"ಇದ್ರಲ್ಲಿ ಪಾಸು ಫೇಲು ಇಲ್ಲ ಸರ್. ಕಾಲು ನಿಂತಾಗ ಮಿದುಳು ಏನು ಮಾಡುತ್ತೆ, ನಂಗೆ ಬೇಕಿರೋದೇ ಅದು. ಚೆನ್ನಾಗಿ ನಡೆದುಬಿಟ್ರೆ ನಾನೇನು ನೋಡ್ಲಿ?"

ಅವತ್ತು ಹೊರಗೆ ನಿಲ್ಲಿಸಿದ್ದಕ್ಕೆ ಕ್ಷಮಿಸು ಅಂದೆ. ಬಾಯಿಗೆ ಬಂದೇಬಿಟ್ಟಿತು. "ಚೀಟಿ ನಂದೇ ಸರ್" ಅಂತ ನಕ್ಕಳು. ಆಮೇಲೆ, "ಅಪ್ಪ ಅಂತಿದ್ರು, ಫೇಲಾದ್ರೆ ಸ್ಕೂಲು ಬಿಡಿಸ್ತೀನಿ ಅಂತ. ನೀವು ಯಾಕೆ ಅಂತ ಕೇಳ್ಲೇ ಇಲ್ಲ."

ಕೇಳಿರಲಿಲ್ಲ. ಯಾರನ್ನೂ ಕೇಳಿರಲಿಲ್ಲ.

ಇನ್ನೊಂದು ಸಲ ಬರುತ್ತೇನೆ ಅಂದೆ.

ಮಾರ್ಚ್ 27, ಗುರುವಾರ. ಬೆಳಿಗ್ಗೆ 10.40, ಆಸ್ಪತ್ರೆಯ ಬೆಂಚು

ಮಾತ್ರೆ ಇಲ್ಲದೆ ಅಕ್ಷರ ಚಿಕ್ಕದಾಗುತ್ತಿದೆ. ಈಗಷ್ಟೇ ಮಾತ್ರೆ ಕೊಟ್ಟರು, ಹಿಡಿಯಲು ಹೊತ್ತು ಬೇಕು.

ನಡೆದೆ. ನೂರು, ತೊಂಬತ್ತೇಳು, ತೊಂಬತ್ತನಾಲ್ಕು... ಕಂಬದ ಸಂದಿಯಲ್ಲಿ ಕಾಲು ನಿಂತಿತು. ಲೆಕ್ಕವೂ ನಿಂತಿತು. ಕಣ್ಣಲ್ಲಿ ನೀರು. ಧನುಶ್ರೀ ಪಕ್ಕದಲ್ಲೇ ಇದ್ದಳು, ಬೀಳದಂತೆ ಕೈ ಚಾಚಿಕೊಂಡು. ಎಳೆಯಲಿಲ್ಲ, ಅವಸರ ಮಾಡಲಿಲ್ಲ. ಕೊನೆಗೆ ಕಾಲು ಕಿತ್ತು ಬಂತು.

"ನಲವತ್ತೆರಡು ಸೆಕೆಂಡ್ ಸಿಕ್ತು ಸರ್. ಥ್ಯಾಂಕ್ಸ್" ಅಂದಳು. ಅವಳ ಕಣ್ಣೂ ಒದ್ದೆ. ನಿಂತ ಕಾಲಿಗೆ ಥ್ಯಾಂಕ್ಸ್ ಹೇಳಿದವರು ಇವಳೊಬ್ಬಳೇ. ನಾನೇ ಹೇಳಿರಲಿಲ್ಲ.

ಈಗ ಬಾಲರಾಜುವಿನ ಸರದಿ. ಬೆಂಚಿನ ಆ ತುದಿಯಲ್ಲಿ ಕೂತಿದ್ದಾನೆ. ಬೆವರುತ್ತಿದ್ದಾನೆ. ಈಗ ಜೇಬಿಗೆ ಕೈ ಹಾಕಿದ. ಮಾತ್ರೆಯ ಶೀಟು ಚರ್ರೆಂದಿತು.

ಬೈಯುವುದಿಲ್ಲ. ಮೆಲ್ಲಗೆ ಸರಿದು, ಪಕ್ಕದಲ್ಲಿ ಕೂತು, ಬಾಲರಾಜು, ನಿನಗೂ ಭಯವಾ ಅಂತ —