ಪಾಚಿಯಲ್ಲಿಟ್ಟ ಬೇರು

ಮೇ ೩, ಬೆಳಿಗ್ಗೆ

ಅತ್ತೆ ತಮ್ಮ ಆರ್ಕಿಡ್‌ಗಳನ್ನೆಲ್ಲ ನನಗೆ ಒಪ್ಪಿಸಿಬಿಟ್ಟರು! ನನಗೆ! ಮದುವೆಯ ಆಲ್ಬಮ್ ಕೂಡ ಇನ್ನೂ ಕೈಗೆ ಬಂದಿಲ್ಲ, ಅಷ್ಟರಲ್ಲೇ ಇಷ್ಟು ನಂಬಿಕೆ. ನಾದಿನಿಗೆ ದಿನ ತುಂಬುತ್ತಿದೆ. ಅವಳ ಊರಿಗೆ ಹೊರಟರು, ಬರುವುದು ಎರಡು ತಿಂಗಳ ಮೇಲೆ. ಬಾಗಿಲಲ್ಲಿ ನಿಂತು ಹೇಳಿದ್ದು — "ಇವು ನನ್ನ ಹೊಟ್ಟೇಲಿ ಹುಟ್ಟಿಲ್ಲ ಅಷ್ಟೇ ಕಣೇ. ನೀರು ನಿಮ್ಮ ಮಾವ ಹಾಕ್ತಾರೆ. ನೀನು ಹುಳ ಗಿಳ ಬಂದ್ರೆ ನೋಡ್ಕೋ." ಅಂದರೆ ಪೂರ್ತಿ ಒಪ್ಪಿಸಿದ ಹಾಗೇನೂ ಅಲ್ಲ... ಆದರೂ!

ಮಾವ ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು. ಬಾಲ್ಕನಿಯ ಸಾಲಿನಲ್ಲಿ ಒಂದೊಂದು ಕುಂಡಕ್ಕೂ ಒಂದೊಂದು ಮಗ್ ನೀರು. "ಟಿಕೆಟ್ ಆಯ್ತಾ? ಮುಂದೆ ಹೋಗಿ, ಮುಂದೆ ಹೋಗಿ. ರೈಟ್!" ನಕ್ಕು ನಕ್ಕು ನನ್ನ ಹೊಟ್ಟೆ ನೋವು.

ಮೇ ೬

ಅತ್ತೆಗೆ ಸರ್‌ಪ್ರೈಸ್!!

ಹಳೇ ಕುಂಡಗಳಲ್ಲಿ ಮಣ್ಣೇ ಇಲ್ಲ. ಇದ್ದಿಲು, ಒಡೆದ ಹೆಂಚಿನ ಚೂರು, ಅಷ್ಟೇ. ಕುಂಡದ ಮೈತುಂಬಾ ತೂತು. ಹಾಕಿದ ನೀರು ಹಾಗೇ ಸುರಿದುಹೋಗುತ್ತದೆ. ಅಷ್ಟು ಚೆಂದದ ಹೂಗಳಿಗೆ ಗುಜರಿ ಅಂಗಡಿಯ ಬಾಳು! ವಿಡಿಯೋದಲ್ಲಿ ಒಬ್ಬಾಕೆ, ಉಣ್ಣೆಯ ಟೋಪಿ, ಮಾತಾಡಿದರೆ ಬಾಯಿಂದ ಹಬೆ, ಬೇರುಗಳನ್ನು ಸ್ಪಂಜಿನ ಹಾಗಿರುವ ಒಣಪಾಚಿಯಲ್ಲಿ ಸುತ್ತಿ ಮಗುವನ್ನು ಮಲಗಿಸಿದ ಹಾಗೆ ಕುಂಡದಲ್ಲಿ ಇಡುತ್ತಾಳೆ. ಪಾಚಿ ತರಿಸಿದೆ. ಬಿಳಿ ಪಿಂಗಾಣಿ ಕುಂಡಗಳನ್ನೂ ತರಿಸಿದೆ. ಇಡೀ ಬೆಳಿಗ್ಗೆ ಕೂತು ಎಲ್ಲವನ್ನೂ ಬದಲಿಸಿದೆ. ಕೊನೆಯ ಗಿಡಕ್ಕೆ ಬರುವಾಗ ಪಾಚಿ ಮುಗಿಯಿತು. ಅದನ್ನು ಇದ್ದಿಲ ಸಮೇತ ವಾಷಿಂಗ್ ಮೆಷಿನ್ನಿನ ಹಿಂದೆ ತೂಗುಹಾಕಿದೆ.

ಮಾವ ಸಾಲನ್ನು ನೋಡಿ, "ಓಹೋ, ಬಸ್ಸಿಗೆಲ್ಲ ಹೊಸ ಸೀಟ್ ಕವರ್ರು! ನೀರು ಎಷ್ಟು ಹಾಕ್ಲಿ ಮಗಳೇ? ಮೊದಲಿನಷ್ಟೇನಾ?" ಅಂದರು.

"ಅಷ್ಟೇ ಮಾವ."

ಎಷ್ಟು ಗೊತ್ತಿರುವವಳ ಹಾಗೆ ಹೇಳಿದೆ!

ಮೇ ೧೦

ಸೆಖೆ. ಉಪ್ಪಿನ ಡಬ್ಬಿಯಲ್ಲಿ ಉಪ್ಪು ನೀರಾಗಿದೆ. ನನ್ನ ಗಂಡನ ಷೂ ಒಳಗೆ ಬೂಷ್ಟು. ಒಗೆದ ಟವೆಲ್ ಮಾರನೇ ದಿನವೂ ಹಸಿ. ಆದರೆ ಬಾಲ್ಕನಿ... ಹೋಟೆಲ್ ಲಾಬಿಯ ಹಾಗಿದೆ. ಫೋಟೋ ತೆಗೆದು ಗೆಳತಿಯರಿಗೆಲ್ಲ ಕಳಿಸಿದೆ. ಅತ್ತೆಗೆ ಕಳಿಸಿಲ್ಲ — ಸರ್‌ಪ್ರೈಸ್!

ಮೇ ೩೦

ಎಲೆಗಳು ಹಳದಿ. ಎರಡು ಗಿಡಗಳ ಎಲೆಗಳು ಮುಟ್ಟಿದರೆ ಬುಡದಿಂದಲೇ ಕಳಚಿ ಬರುತ್ತವೆ.

ಸಂಜೆ ಆಫೀಸಿನಿಂದ ಬಂದವನೇ ಇವನು ಪಾಚಿಗೆ ಬೆರಳು ಅದ್ದಿ ನೋಡಿದ. ತೊಟ್ಟಿಕ್ಕುವಷ್ಟು ಒದ್ದೆ.

"ಅಪ್ಪಾ, ಈಗ ಮತ್ತೆ ನೀರು ಹಾಕಿದ್ರಾ?"

"ಇಲ್ವಲ್ಲೋ. ಬೆಳಿಗ್ಗೆ ಹಾಕಿದ್ದು."

"ಬೆಳಿಗ್ಗೆ ಹಾಕಿದ್ದು ಈ ಸೆಖೇಲಿ ಸಂಜೆವರೆಗೂ ಇರತ್ತಾ? ಮೊದಲೆಲ್ಲ ಮಧ್ಯಾಹ್ನಕ್ಕೇ ಒಣಗಿ ಹೋಗಿರ್ತಿತ್ತು."

ಮಾವ ನನ್ನ ಮುಖ ನೋಡಿದರು. "ಹಾಕಿದ್ನೇನಮ್ಮಾ? ನೀನು ನೋಡಿದ್ಯಾ?"

"ಗೊತ್ತಿಲ್ಲ ಮಾವ, ನಾನು ಒಳಗಿದ್ದೆ" ಅಂದೆ. ನಿಜವೇ. ಒಳಗಿದ್ದೆ.

ಜೂನ್ ೨

ಇವನು ಅತ್ತೆಗೆ ಹೇಳಿಬಿಟ್ಟ. ಫೋನ್ ಸ್ಪೀಕರಿನಲ್ಲಿತ್ತು. "ಅಪ್ಪ ಹಾಕಿದ್ದು ಮರೆತು ಮತ್ತೆ ಮತ್ತೆ ಹಾಕ್ತಿದ್ದಾರಮ್ಮ. ಅರ್ಧ ಗಿಡ ಕೊಳೆತು ಹೋದವು."

ಅತ್ತೆ ಕಿರುಚಿದರು. "ಅಷ್ಟು ವರ್ಷ ಸಾಕಿದ್ದೀನಿ ಕಣ್ರೀ! ಇನ್ನು ಮುಟ್ಟಲೇಬೇಡಿ ಅವನ್ನ! ಆ ಕಡೆ ಹೋಗಲೇಬೇಡಿ!" ಅವರ ಹಿಂದೆ ನಾದಿನಿಯ ಕೂಸು ಅಳುತ್ತಿತ್ತು.

ಮಾವ "ಆಯ್ತು" ಅಂದರು. ಮಗ್ ತಂದು ಸಿಂಕಿನ ಕೆಳಗೆ ಇಟ್ಟರು.

ಆಗಲೇ ಹೇಳಬೇಕಿತ್ತು — ಪಾಚಿ ತುಂಬಿದ್ದು ನಾನು ಅಂತ. ಬಾಯಿ ತೆರೆದೆ ಕೂಡ. "ಕಾಫಿ ಮಾಡ್ಲಾ?" ಅಂದೆ.

ಜೂನ್ ೪

ಬಟ್ಟೆ ಹಾಕಲು ಹೋದಾಗ ಮೆಷಿನ್ನಿನ ಹಿಂದೆ ಕಂಡಿತು. ಪಾಚಿ ಸಾಲದೆ ಬಿಟ್ಟಿದ್ದ ಗಿಡ. ಎಲೆ ಗಟ್ಟಿ. ಇದ್ದಿಲ ಸಂದಿಯಿಂದ ಬೇರುಗಳು ಹೊರಗೆ ಇಣುಕಿವೆ, ತುದಿ ಎಳೆ ಹಸಿರು. ಅದಕ್ಕೂ ಮೊನ್ನೆಯವರೆಗೆ ಮಾವನೇ ನೀರು ಹಾಕುತ್ತಿದ್ದರು. ಅದೇ ಮಗ್. ಅಷ್ಟೇ ನೀರು.

ಬಾಲ್ಕನಿಗೆ ಓಡಿ ಒಂದು ಪಿಂಗಾಣಿ ಕುಂಡ ಕವಿಚಿದೆ. ಪಾಚಿಯ ಮುದ್ದೆ. ನಡುವೆ ಬೆರಳಿಟ್ಟರೆ ಬೆಚ್ಚಗೆ, ಜ್ವರ ಬಂದವರ ಕಂಕುಳಿನ ಹಾಗೆ. ಬೇರು ಕಂದು ಲೋಳೆ. ನಾತ. ನೀರು ನಿಂತಲ್ಲೇ ನಿಂತಿದೆ. ಈ ಊರಿನ ಗಾಳಿಯೇ ಒದ್ದೆ, ಪಾಚಿ ಒಣಗುವುದಾದರೂ ಯಾವಾಗ? ಆ ಟೋಪಿಯವಳ ಚಳಿಯ ಊರಿನಲ್ಲಿ ಅದು ಕಂಬಳಿ. ಇಲ್ಲಿ ಮೂಗು ಮುಚ್ಚಿ ಹಿಡಿದ ಹಾಗೆ. ಅತ್ತೆಯ ಗುಜರಿ ಅಂದೆನಲ್ಲ... ಆ ತೂತು, ಆ ಹೆಂಚು, ಆ ಇದ್ದಿಲು ಎಲ್ಲ ಬೇರಿಗೆ ಉಸಿರಾಡಲು.

ಮಾವ ಎರಡನೇ ಸಲ ನೀರು ಹಾಕಿಯೇ ಇಲ್ಲ. ಒಂದು ದಿನವೂ.

ಇವತ್ತೇ ಹೇಳುತ್ತೇನೆ.

ಜೂನ್ ೧೨

ಹೇಳಲಿಲ್ಲ.

ದಿನಕ್ಕೊಂದು ನೆಪ. ಇವನಿಗೆ ತಲೆನೋವು. ನೆಂಟರು ಬಂದರು. ಅತ್ತೆಗೆ ಮೊಮ್ಮಗಳ ಖುಷಿ, ಕೆಡಿಸುವುದೇಕೆ. ಅಷ್ಟರಲ್ಲಿ ಮಾವ ಬದಲಾದರು. ಗ್ಯಾಸ್ ಆಫ್ ಮಾಡಿದ ಮೇಲೂ ಹಿಂದಿರುಗಿ ಬಂದು ನೋಡುತ್ತಾರೆ. "ನಾನು ಊಟ ಮಾಡಿದೆ ಅಲ್ವೇನಮ್ಮಾ?" ಅಂತ ಕೇಳುತ್ತಾರೆ — ಕೈ ತೊಳೆದ ನೀರು ಇನ್ನೂ ಆರಿರುವುದಿಲ್ಲ. ಬಾಲ್ಕನಿಯ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಾರೆ.

ಇವತ್ತು ಇವನು ಅವರನ್ನು ನರಗಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ನಾನೂ ಹೋದೆ. ಡಾಕ್ಟರು ಮರೆವು ಅಳೆಯಲು ಒಂದು ಟೈಮ್ ಕೊಟ್ಟು ಗಡಿಯಾರ ಬರೆಯಲು ಹೇಳಿದರು. ಜೀವನಪೂರ್ತಿ ಬಸ್ಸಿನ ಟೈಮ್ ಹಿಡಿದವರು, ಎರಡು ಸಲ ಅಳಿಸಿ, ಕೊನೆಗೆ ಮುಳ್ಳುಗಳನ್ನು ಅದಲು ಬದಲು ಬರೆದರು. ತಾವೇ ನೋಡಿ, "ತಪ್ಪಾಯ್ತು ಅಲ್ವಾ ಸರ್?" ಅಂದರು. ಸ್ಕೂಲ್ ಮಗುವಿನ ದನಿ.

ಡಾಕ್ಟರು ನನ್ನ ಕಡೆ ತಿರುಗಿದರು. "ದಿನವೆಲ್ಲ ಮನೇಲಿ ಇರೋದು ನೀವು. ಮರೆವು ನಿಮಗೆ ಕಂಡಿದೆಯಾ?"

"ಸ್ವಲ್ಪ" ಅಂದೆ.

ಸ್ವಲ್ಪ ಅಂದೆ. ಈ ಬಾಯಿಂದ.

ಮನೆಗೆ ಬಂದು ಮಾವ ಗೇಟಿನ ಬೀಗದ ಕೈ ಮಗನಿಗೆ ಕೊಟ್ಟರು. "ನಿನ್ನ ಹತ್ರಾನೇ ಇರ್ಲಿ ಬಿಡು. ನಾನೆಲ್ಲಾದ್ರೂ ಇಟ್ಟು ಮರೆತರೆ ಕಷ್ಟ."

ಜೂನ್ ೧೩, ಬೆಳಿಗ್ಗೆ

ಹೇಳಿದೆ. ಇವನು ಹಲ್ಲುಜ್ಜುತ್ತಿದ್ದ, ಮಾವ ಪೇಪರ್ ಹಿಡಿದಿದ್ದರು. ಮೆಷಿನ್ನಿನ ಹಿಂದಿನ ಗಿಡ, ಕೊಳೆತ ಪಾಚಿಯ ಮುದ್ದೆ, ಎರಡನ್ನೂ ಟೀಪಾಯಿಯ ಮೇಲೆ ಇಟ್ಟು ಹೇಳಿದೆ. ಜೂನ್ ನಾಲ್ಕರಿಂದಲೂ ಗೊತ್ತಿತ್ತು ಅನ್ನುವುದನ್ನೂ ಹೇಳಿದೆ. ಅದನ್ನು ಬಿಟ್ಟು ಹೇಳಬೇಕೆಂದು ಎಷ್ಟು ಆಸೆಯಾಗಿತ್ತು.

ಮಾವ ಪಾಚಿಯನ್ನು ಹಿಂಡಿದರು. ನೀರು ಪೇಪರಿನ ಮೇಲೆ ಸುರಿಯಿತು.

"ಹಾಗಾದ್ರೆ ನನ್ನ ತಲೆ ನೆಟ್ಟಗಿದೆ?"

"ಇದೆ ಮಾವ."

"ನಾನು ಒಂದೇ ಸಲ ಹಾಕಿದ್ದು?"

"ಹೌದು ಮಾವ."

ನಕ್ಕರು. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟರು. ಬಹಳ ಹೊತ್ತು ನೀರು ಬಕೆಟ್ ತುಂಬಿ ಹರಿಯುವ ಸದ್ದು. ನಾವಿಬ್ಬರೂ ಹೊರಗೆ ನಿಂತಿದ್ದೆವು. ಇವನು ನನ್ನನ್ನು ಬೈಯಲಿಲ್ಲ. "ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋದೆ" ಅಂದ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಹೊರಗೆ ಬಂದ ಮಾವ ಮುಖ ಒರೆಸುತ್ತಾ, "ನಿಮ್ಮತ್ತೆಗೆ ನೀನೇ ಹೇಳು. ನಾನು ಹೇಳಲ್ಲ" ಅಂದರು. ಮಗಳೇ ಅನ್ನಲಿಲ್ಲ.

ಸಂಜೆ

ಫೋನ್ ಮಾಡಿದೆ. ಅಳುತ್ತಾ, ಅರ್ಧ ಇಂಗ್ಲಿಷಿನಲ್ಲಿ, ಏನೇನೋ. ಆ ಕಡೆ ಅತ್ತೆ ಬಾಗಿಲು ಹಾಕಿಕೊಂಡ ಸದ್ದು.

"ಗಿಡ ಹಾಳಾಗಿ ಹೋಗ್ಲಿ" ಅಂದರು ಕೊನೆಗೆ. "ಮೊದಮೊದಲು ನಾನೂ ಮಣ್ಣಲ್ಲಿ ನೆಟ್ಟು ಎಷ್ಟೋ ಕೊಂದಿದ್ದೀನಿ. ಕೇಳಿದ್ರೆ ಹೇಳ್ತಿದ್ದೆ, ಕೇಳಲಿಲ್ಲ ನೀನು. ಅದಲ್ಲ ಕಣೇ... ಅವರಿಗೆ ನಾನು ಅಷ್ಟು ಜೋರಾಗಿ ಬೈದೆನಲ್ಲ. ಆ ಕಡೆ ಹೋಗಲೇಬೇಡಿ ಅಂದೆನಲ್ಲ. ನಿನ್ನ ಮಾತು ನಂಬಿ — ನೀನು ಮಾತೇ ಆಡಲಿಲ್ಲ, ಆ ಮೌನ ನಂಬಿ. ಅದನ್ನ ಈಗ ನಾನು ಹೆಂಗೆ ವಾಪಸ್ ತಗೊಳ್ಳಲಿ?"

ಕಣ್ಣೀರಿಗೆ ಒದ್ದೆಯಾದ ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಅವರಿಗೆ ಫೋನ್ ಕೊಡು."

ಕೊಟ್ಟೆ. ಮಾವ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು. ಗಾಜಿನಾಚೆ ಬೆನ್ನು ಮಾತ್ರ ಕಾಣುತ್ತಿತ್ತು. ಒಂದು ಸಲ "ಬಿಡೇ, ಬಿಡೇ" ಅಂದದ್ದು ಕೇಳಿಸಿತು.

ಜೂನ್ ೧೪

ಉಳಿದ ಗಿಡಗಳನ್ನು ಪಾಚಿಯಿಂದ ಬಿಡಿಸಿದೆ. ಕೊಳೆತದ್ದನ್ನೆಲ್ಲ ಕತ್ತರಿಸಿ ನೆರಳಲ್ಲಿ ಆರಲು ಇಟ್ಟಿದ್ದೇನೆ. ಬದುಕುವವು ಮೂರೋ ನಾಲ್ಕೋ. ಇದ್ದಿಲು ತೊಳೆದು ತೊಳೆದು ಉಗುರೆಲ್ಲ ಕಪ್ಪು. ಮಾವ ಒಮ್ಮೆ ಬಂದು ನಿಂತು ನೋಡಿದರು. ಹೋದರು.

ಅತ್ತೆ ಎರಡು ತಿಂಗಳು ನಿಲ್ಲುವುದಿಲ್ಲವಂತೆ. ಕೂಸನ್ನು ಬೀಗಿತ್ತಿಯ ಕೈಗೆ ಕೊಟ್ಟು ಹೊರಡುತ್ತಾರೆ. ಗಿಡಕ್ಕಾಗಿ ಅಲ್ಲ ಅಂತ ಇವನ ಹತ್ತಿರ ಎರಡು ಸಲ ಹೇಳಿದರಂತೆ. ನನಗೆ ಹೇಳಲಿಲ್ಲ. ಸ್ಟೇಷನ್ನಿನಿಂದ ಕರೆತರಲು ನಾನು ಹೋಗುತ್ತೇನೆ ಅಂದ ಇವನು. ಮಾವ ತಟ್ಟೆಯಿಂದ ತಲೆ ಎತ್ತದೆ, "ನೀನು ಬೇಡ, ಅವಳು ಬರ್ಲಿ ನನ್ನ ಜೊತೆ" ಅಂದರು.

ಸ್ಟೇಷನ್ನಿನಲ್ಲಿ ಏನು ಹೇಳಲಿ? ಯಾರ ಮುಖ ನೋಡಿ ಹೇಳಲಿ?

ಭಾನುವಾರ ಬೆಳಿಗ್ಗೆ, ಆರೂವರೆಯ ಪ್ಯಾಸೆಂಜರ್, ಅತ್ತೆ ಇಳಿಯುವುದು ಮುಂದಿನ ಲೇಡೀಸ್ ಬೋಗಿಯಿಂದ...